ಫ್ರಿಜ್ ಔಷಧಿಗಳ ಹೋಮ್ ಡೆಲಿವರಿಯಲ್ಲಿ ಬದಲಾವಣೆ: ಇನ್ನು ಮುಂದೆ ಗಟ್ಟಿ ಐಸ್ ಇರುವುದಿಲ್ಲ

ಗ್ರಾಹಕರಿಗೆಲ್ಲ ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಮೆಡಿಕಲ್ಸ್‌ನಿಂದ ನಿಮ್ಮ ಮನೆಗೆ ಬರುವ ಇನ್ಸುಲಿನ್ ಪೆಟ್ಟಿಗೆ ಈಗಿನಷ್ಟು ತಣ್ಣಗೆ ಇರುವುದಿಲ್ಲ. ಒಳಗಿರುವ ಐಸ್ ಪ್ಯಾಕ್ ಹೊರಗೆಲ್ಲ ಒದ್ದೆಯಾಗಿರುತ್ತದೆ. ಅಲ್ಲಾಡಿಸಿದರೆ ಒಳಗೆ ನೀರು ಗುಳುಗುಳು ಅನ್ನುತ್ತದೆ. ಐಸ್ ಕರಗಿಹೋಗಿದೆ, ಔಷಧಿ ಕೆಟ್ಟಿದೆ ಅಂದುಕೊಂಡು ದಯವಿಟ್ಟು ವಾಪಸ್ ಕಳಿಸಬೇಡಿ. ಬೇಕೆಂದೇ ಹಾಗೆ ಕಳಿಸುತ್ತಿದ್ದೇವೆ. ಇನ್ಸುಲಿನ್ ಅಷ್ಟೇ ಅಲ್ಲ, ಫ್ರಿಜ್‌ನಲ್ಲಿ ಇಡಬೇಕಾದ ಎಲ್ಲ ಇಂಜೆಕ್ಷನ್‌ಗಳಿಗೂ ಇದೇ ಪದ್ಧತಿ. ಮಾತ್ರೆ, ಸಿರಪ್, ಮುಲಾಮು ಎಂದಿನಂತೆ ಬರುತ್ತವೆ.

ಏಪ್ರಿಲ್ ಬಂತೆಂದರೆ ನಮಗೆ ಬರುವ ಫೋನ್‌ಗಳಲ್ಲಿ ಅರ್ಧ ಒಂದೇ ಮಾತು: 'ಸ್ವಲ್ಪ ಜಾಸ್ತಿ ಐಸ್ ಹಾಕಿ ಕಳಿಸಿ.' ಬೆಂಗಳೂರಿನ ಬಿಸಿಲು ಈಗ ಮೊದಲಿನಂತಿಲ್ಲ, ಒಪ್ಪುತ್ತೇವೆ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಔಷಧಿ ಬಿಸಿಯಾದೀತು ಅನ್ನುವ ಭಯ ಎಲ್ಲರಿಗೂ ಇದೆ. ಅದು ಐಸ್ ಆಗಿಬಿಟ್ಟೀತು ಅನ್ನುವ ಭಯ ಮಾತ್ರ ಯಾರಿಗೂ ಇದ್ದಂತಿಲ್ಲ. ಆದರೆ ಇಂಥ ಇಂಜೆಕ್ಷನ್‌ಗಳಲ್ಲಿ ಹೆಚ್ಚಿನವಕ್ಕೆ ಒಂದೆರಡು ಗಂಟೆಯ ಸೆಕೆಗಿಂತ ಒಂದು ಸಲ ಹೆಪ್ಪುಗಟ್ಟುವುದೇ ದೊಡ್ಡ ಅಪಾಯ.

ಯಾವ ಪೆಟ್ಟಿಗೆಯ ಮೇಲಾದರೂ ನೋಡಿ. 2 ರಿಂದ 8 ಡಿಗ್ರಿಯಲ್ಲಿಡಿ ಅಂತ ಇರುತ್ತದೆ. ಅದರ ಪಕ್ಕದಲ್ಲೇ ಹೆಪ್ಪುಗಟ್ಟಲು ಬಿಡಬೇಡಿ ಅಂತಲೂ ಇರುತ್ತದೆ. ಮೊದಲನೆಯದನ್ನು ಎಲ್ಲರೂ ಓದುತ್ತಾರೆ. ಎರಡನೆಯದು ಸಣ್ಣ ಅಕ್ಷರ, ಅದೂ ಇಂಗ್ಲಿಷ್‌ನಲ್ಲಿ.

ಹೆಪ್ಪುಗಟ್ಟಿದರೆ ಏನಾಗುತ್ತದೆ? ಇನ್ಸುಲಿನ್ ಅನ್ನುವುದು ನೀರಿನಲ್ಲಿ ಕರಗಿರುವ ಒಂದು ಪ್ರೋಟೀನ್. ಸಂಧಿವಾತಕ್ಕೆ ಕೊಡುವ ಅಡಾಲಿಮುಮಾಬ್, ಕಿಡ್ನಿ ರೋಗಿಗಳಿಗೆ ಕೊಡುವ ಎರಿತ್ರೊಪೊಯೆಟಿನ್ ಕೂಡ ಪ್ರೋಟೀನ್‌ಗಳೇ. ಐಸ್ ಆಗುವಾಗ ಮೊದಲು ಗಟ್ಟಿಯಾಗುವುದು ಬರೀ ನೀರು. ಔಷಧಿ, ಉಪ್ಪು ಎಲ್ಲವನ್ನೂ ಅದು ಪಕ್ಕಕ್ಕೆ ತಳ್ಳುತ್ತದೆ. ಉಳಿದ ಚೂರು ದ್ರವದಲ್ಲಿ ಪ್ರೋಟೀನ್ ಒತ್ತೊತ್ತಾಗಿ ಸೇರಿಕೊಳ್ಳುತ್ತದೆ. ಅಲ್ಲಿನ ಆಮ್ಲ-ಕ್ಷಾರದ ಹದವೂ ತಪ್ಪಬಹುದು. ಜೊತೆಗೆ ಐಸ್ ಹರಳುಗಳ ಮೈಗೆ ಅಂಟಿಕೊಂಡ ಪ್ರೋಟೀನ್ ತನ್ನ ಮಡಿಕೆ ಬಿಚ್ಚಿಕೊಂಡು, ಒಂದಕ್ಕೊಂದು ಅಂಟಿ ಗಂಟಾಗುತ್ತದೆ. ಫ್ರೀಜರ್‌ನಲ್ಲಿ ಗಟ್ಟಿಯಾದ ಮೊಸರು ಕರಗಿದಾಗ ನೀರೇ ಬೇರೆ, ಗಸಿಯೇ ಬೇರೆ ಆಗುತ್ತದಲ್ಲ, ಆಮೇಲೆ ಎಷ್ಟು ಕಡೆದರೂ ಮೊದಲಿನ ಮೊಸರಾಗುವುದಿಲ್ಲ. ಇದೂ ಹಾಗೇ. ಹೊರಗಿಟ್ಟು ಕರಗಿಸಿದರೆ ಸರಿಹೋಗುವ ವಿಷಯ ಇದಲ್ಲ.

ಕೆಟ್ಟಿದ್ದು ಕಣ್ಣಿಗೆ ಕಾಣುವುದಿಲ್ಲ ಅನ್ನುವುದೇ ಇಲ್ಲಿ ತೊಂದರೆ. 30/70 ಮಿಕ್ಸ್ ಇನ್ಸುಲಿನ್ ಮತ್ತು ಎನ್‌ಪಿಎಚ್ ಎಂಬ ಇನ್ಸುಲಿನ್ ಬಿಳಿಯಾಗಿ ಹಾಲಿನಂತಿರುತ್ತವೆ. ಅಂಗೈ ನಡುವೆ ಉರುಳಿಸಿದರೆ ಒಂದೇ ಸಮ ಆಗಬೇಕು. ಹೆಪ್ಪುಗಟ್ಟಿ ಕರಗಿದ್ದರೆ ಅದರಲ್ಲಿ ಚೂರುಚೂರು ಗಂಟು ಕಾಣಬಹುದು, ಇಲ್ಲವೇ ಗಾಜಿನ ಒಳಗೋಡೆಗೆ ಬಿಳಿ ಪುಡಿ ಅಂಟಿರಬಹುದು. ಅಷ್ಟಾದರೂ ಸುಳಿವು ಸಿಗುತ್ತದೆ. ಗ್ಲಾರ್ಜಿನ್, ರೆಗ್ಯುಲರ್, ಆಸ್ಪಾರ್ಟ್ ತರಹದ ತಿಳಿ ಇನ್ಸುಲಿನ್‌ಗಳು ಕರಗಿದ ಮೇಲೆ ಎಷ್ಟೋ ಸಲ ಹೊಸದರಂತೆಯೇ ಹೊಳೆಯುತ್ತವೆ. ಬಲ ಎಷ್ಟು ಉಳಿದಿದೆ ಅಂತ ಮನೆಯಲ್ಲೂ ಹೇಳಲಾಗದು, ನಮ್ಮ ಕೌಂಟರ್‌ನಲ್ಲೂ ಹೇಳಲಾಗದು. ನೀವು ಎಂದಿನ ಯೂನಿಟ್ಟೇ ಚುಚ್ಚಿಕೊಳ್ಳುತ್ತೀರಿ, ಶುಗರ್ ಇಳಿಯುವುದಿಲ್ಲ. ಆಮೇಲೆ ಬೈಗುಳವೆಲ್ಲ ಮದುವೆ ಮನೆಯ ಹೋಳಿಗೆಗೆ!

ಪೆನ್ ಮತ್ತು ಕಾರ್ಟ್ರಿಜ್‌ಗಳಲ್ಲಿ ಇನ್ನೊಂದು ಕಷ್ಟವಿದೆ. ನೀರು ಐಸ್ ಆಗುವಾಗ ಹಿಗ್ಗುತ್ತದೆ. ಗಾಜಿನಲ್ಲಿ ಕಂಡೂ ಕಾಣದ ಬಿರುಕು ಬರಬಹುದು, ಒಳಗೆ ಗಾಳಿಗುಳ್ಳೆ ಸೇರಬಹುದು. ಆಗ ಡಯಲ್‌ನಲ್ಲಿ ತಿರುಗಿಸಿದ ಯೂನಿಟ್ ಒಂದು, ಒಳಗೆ ಹೋಗುವ ಯೂನಿಟ್ ಇನ್ನೊಂದು. ಅಡಾಲಿಮುಮಾಬ್‌ನಂಥ ಔಷಧಿಗಳಲ್ಲಿ ಗಂಟಾದ ಪ್ರೋಟೀನನ್ನು ಮೈ ಶತ್ರು ಅಂದುಕೊಂಡು ಅದರ ವಿರುದ್ಧವೇ ಪ್ರತಿಕಾಯ ತಯಾರಿಸುವ ಸಾಧ್ಯತೆಯೂ ಇದೆ. ಹಾಗಾದರೆ ಮುಂದೆ ಒಳ್ಳೆಯ ಡೋಸ್ ಕೊಟ್ಟರೂ ಕೆಲಸ ಮಾಡುವುದು ಕಡಿಮೆಯಾಗಬಹುದು.

ಲಸಿಕೆಗಳ ಲೋಕದಲ್ಲಿ ಈ ವಿಷಯ ಹಳೆಯದು. ಟಿಟಿ, ಹೆಪಟೈಟಿಸ್ ಬಿ, ಪೆಂಟಾವೇಲೆಂಟ್ ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ. ಒಮ್ಮೆ ಹೆಪ್ಪುಗಟ್ಟಿದರೆ ಅದು ಗಂಟುಗಟ್ಟಿ ಬೇಗ ತಳಕ್ಕೆ ಇಳಿಯುತ್ತದೆ. ಹೆಪ್ಪುಗಟ್ಟಿದೆಯೋ ಇಲ್ಲವೋ ಅಂತ ನೋಡಲು ಬಾಟಲಿ ಕುಲುಕಿ ಪರೀಕ್ಷೆ ಮಾಡುವ ಕ್ರಮ ಇರುವುದೇ ಇದಕ್ಕಾಗಿ. ಆದರೆ ಪೋಲಿಯೊ ಹನಿಯನ್ನು ದೊಡ್ಡ ದಾಸ್ತಾನುಗಳಲ್ಲಿ ಇಡುವುದೇ ಮೈನಸ್ 20 ಡಿಗ್ರಿಯ ಆಸುಪಾಸಿನಲ್ಲಿ, ಅದಕ್ಕೆ ಏನೂ ಆಗುವುದಿಲ್ಲ. ಅಂದರೆ ಎಲ್ಲ ಔಷಧಿಗೂ ಒಂದೇ ನಿಯಮ ಇಲ್ಲ. ನಿಮ್ಮ ಔಷಧಿಯ ಲೇಬಲ್ ಏನು ಹೇಳುತ್ತದೋ ಅದೇ ಸರಿ.

ನಮ್ಮ ಹೊಸ ಪದ್ಧತಿಯೂ ಲಸಿಕೆಯವರಿಂದ ಕಲಿತದ್ದೇ. ಲಸಿಕೆ ಹಾಕುವ ಸಿಬ್ಬಂದಿ ಹೊರಡುವ ಮುಂಚೆ ಐಸ್ ಪ್ಯಾಕನ್ನು ಫ್ರೀಜರ್‌ನಿಂದ ತೆಗೆದು ಹೊರಗಿಡುತ್ತಾರೆ. ಮೈಮೇಲೆ ಬೆವರಿನಂತೆ ನೀರು ಮೂಡಿ, ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಿದ ಮೇಲೆಯೇ ಅದನ್ನು ಕ್ಯಾರಿಯರ್‌ಗೆ ಹಾಕುತ್ತಾರೆ. ಫ್ರೀಜರ್‌ನಿಂದ ಆಗಷ್ಟೇ ತೆಗೆದ ಪ್ಯಾಕ್ ಮೈನಸ್ 15-20 ಡಿಗ್ರಿಯಲ್ಲಿರುತ್ತದೆ. ಪಕ್ಕದಲ್ಲಿರುವ ಪುಟ್ಟ ಔಷಧಿ ಬಾಟಲಿಯನ್ನು, ಅಂದರೆ ವೈಯಲ್‌ನ್ನು ಅದು ಐಸ್ ಮಾಡಿಬಿಡಬಲ್ಲದು. ಕರಗಲು ಶುರುವಾದ ಐಸ್ ಮಾತ್ರ 0 ಡಿಗ್ರಿಯಲ್ಲೇ ನಿಲ್ಲುತ್ತದೆ, ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಇನ್ಸುಲಿನ್ ಹೆಪ್ಪುಗಟ್ಟುವುದು ಸೊನ್ನೆಗಿಂತ ಸ್ವಲ್ಪ ಕೆಳಗೆ. ಆ ಸ್ವಲ್ಪವೇ ನಮ್ಮ ರಕ್ಷಣೆ. ಇಷ್ಟು ದಿನ ಐಸ್‌ಗೂ ಔಷಧಿಗೂ ನಡುವೆ ದಪ್ಪ ರಟ್ಟು ಇಟ್ಟು ಕಳಿಸುತ್ತಿದ್ದೆವು. ಗಾಂಧಿ ಬಜಾರ್ ಸುತ್ತಮುತ್ತ ಐದು-ಹತ್ತು ನಿಮಿಷದ ದಾರಿಗೆ ಅದು ಸಾಕು. ಈಗ ಬನಶಂಕರಿ, ಜೆ.ಪಿ. ನಗರದಿಂದಲೂ ಆರ್ಡರ್ ಬರುತ್ತಿದೆ. ಸಿಗ್ನಲ್‌ಗಳಲ್ಲಿ ಪೆಟ್ಟಿಗೆ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ನಿಮಗೇ ಗೊತ್ತು. ರಟ್ಟು ಇನ್ನೂ ಇರುತ್ತದೆ, ಅದರ ಜೊತೆಗೆ ಈ ಕ್ರಮವೂ.

ಐಸ್ ಹದಕ್ಕೆ ಬರಲು ಸಮಯ ಬೇಕು. ಬಿಸಿಲಿದ್ದರೆ ಬೇಗ, ಡಿಸೆಂಬರ್‌ನ ಚಳಿಯಲ್ಲಿ ಒಂದು ಗಂಟೆಗೂ ಮೇಲೆ. ಹಾಗಾಗಿ ಫ್ರಿಜ್ ಔಷಧಿ ಬೇಕೆಂದಾಗಲೆಲ್ಲ ತಕ್ಷಣ ಕಳಿಸುವುದನ್ನು ನಿಲ್ಲಿಸುತ್ತಿದ್ದೇವೆ. ದಿನಕ್ಕೆ ಎರಡು ಸಲ ಮಾತ್ರ ಗಾಡಿ ಹೊರಡುತ್ತದೆ: ಬೆಳಿಗ್ಗೆ 8ಕ್ಕೆ ಮತ್ತು ಸಂಜೆ 6ಕ್ಕೆ. ಬೆಳಗಿನ ಗಾಡಿಗೆ ಹಿಂದಿನ ರಾತ್ರಿ 9ರೊಳಗೆ, ಸಂಜೆಯದಕ್ಕೆ ಮಧ್ಯಾಹ್ನ 3ರೊಳಗೆ ಹೇಳಿ. ಕೊತ್ತಂಬರಿ ಸೊಪ್ಪು ಹತ್ತು ನಿಮಿಷದಲ್ಲಿ ಮನೆಗೆ ಬರುವ ಊರಿನಲ್ಲಿ ನಾವು ಐಸ್ ಕರಗಲಿ ಅಂತ ಕಾಯುತ್ತಾ ಕೂರುವುದು ತಮಾಷೆಯಾಗಿ ಕಾಣಬಹುದು. ಪರವಾಗಿಲ್ಲ. ಅರ್ಜೆಂಟ್ ಇದ್ದವರು ಅಂಗಡಿಗೇ ಬನ್ನಿ. ಸ್ಟಾಕ್ ನಮ್ಮ ಫ್ರಿಜ್‌ನಲ್ಲೇ ಇರುತ್ತದೆ, ಥರ್ಮಾಮೀಟರ್ ಬಾಗಿಲ ಮೇಲೆಯೇ ಕಾಣುತ್ತದೆ.

ಪೆಟ್ಟಿಗೆಯನ್ನು ಅಪಾರ್ಟ್‌ಮೆಂಟ್ ಸೆಕ್ಯುರಿಟಿ ಹತ್ತಿರ ಬಿಟ್ಟು ಬರುವುದಿಲ್ಲ. ಮನೆಯವರೊಬ್ಬರ ಕೈಗೇ ಕೊಡುತ್ತೇವೆ. ಹಿಂದೆ ಪಾಪ, ಒಳ್ಳೆಯ ಮನಸ್ಸಿನ ಸೆಕ್ಯುರಿಟಿಯೊಬ್ಬರು 'ಔಷಧಿ ಕೆಡಬಾರದು' ಅಂತ ಇಂಥ ಪೆಟ್ಟಿಗೆಯನ್ನು ಕ್ಲಬ್‌ಹೌಸಿನ ಫ್ರೀಜರ್‌ನಲ್ಲೇ ಇಟ್ಟುಬಿಟ್ಟಿದ್ದರು! ಪೆಟ್ಟಿಗೆಗೆ 150 ರೂಪಾಯಿ ಡಿಪಾಸಿಟ್ ಇದೆ, ಪೆಟ್ಟಿಗೆ ಹಿಂತಿರುಗಿಸಿದಾಗ ಹಣ ವಾಪಸ್. ಡೆಲಿವರಿ ಚಾರ್ಜ್ ಹೆಚ್ಚಿಸಿಲ್ಲ.

ಬೆಲೆ ಜಾಸ್ತಿ ಇರುವ ಇಂಜೆಕ್ಷನ್‌ಗಳ ಜೊತೆ, ಅಂದರೆ ಸಂಧಿವಾತ, ಸೋರಿಯಾಸಿಸ್‌ನ ಔಷಧಿಗಳು ಮತ್ತು ಶುಗರ್, ತೂಕ ಇಳಿಸಲು ಈಗ ಬಹಳ ಜನ ತೆಗೆದುಕೊಳ್ಳುತ್ತಿರುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಪೆನ್‌ಗಳ ಜೊತೆ, ಒಂದು ಪುಟ್ಟ ಫ್ರೀಜ್ ಇಂಡಿಕೇಟರ್ ಬರುತ್ತದೆ. ಪೆಟ್ಟಿಗೆಯ ಒಳಗಿನ ಉಷ್ಣತೆ ಸೊನ್ನೆಗಿಂತ ಕೆಳಗೆ ಹೋಗಿ ನಿಂತರೆ ಅದರಲ್ಲಿ ಗುರುತು ಬೀಳುತ್ತದೆ, ಮತ್ತೆ ಅಳಿಸುವುದಿಲ್ಲ. ಪೆಟ್ಟಿಗೆ ತೆಗೆದುಕೊಳ್ಳುವಾಗ ನಮ್ಮ ಹುಡುಗನ ಎದುರಿಗೇ ನೋಡಿ. ಗುರುತು ಬಿದ್ದಿದ್ದರೆ ತೆಗೆದುಕೊಳ್ಳಬೇಡಿ. ಬೇರೆ ಕಳಿಸುವುದು ನಮ್ಮ ಖರ್ಚು.

ನಿಮ್ಮ ಕೈ ಸೇರಿದ ಮೇಲೆ ಫ್ರಿಜ್ ಔಷಧಿಯನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಈ ಬಗ್ಗೆ ಕೆಲವರಿಗೆ ಬೇಜಾರಾಗುತ್ತದೆ, ಗೊತ್ತು. ಆದರೆ ನೀವು ಕೊಟ್ಟದ್ದನ್ನು ನಾವು ಇನ್ನೊಬ್ಬರಿಗೆ ಮಾರಬೇಕಲ್ಲ. ಅದು ನಿಮ್ಮ ಫ್ರಿಜ್‌ನಲ್ಲಿ ಎಲ್ಲಿತ್ತು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಫ್ರಿಜ್‌ನಲ್ಲಿ ಎಲ್ಲಿತ್ತು ಅನ್ನುವುದರಲ್ಲೇ ಮುಕ್ಕಾಲು ವಿಷಯ ಇದೆ. ನಾವು ಕೇಳಿದ ಹೆಪ್ಪುಗಟ್ಟಿದ ಕಥೆಗಳಲ್ಲಿ ಹೆಚ್ಚಿನವು ದಾರಿಯಲ್ಲಿ ಆದವಲ್ಲ, ಮನೆಯಲ್ಲಿ ಆದವು. ಸಿಂಗಲ್ ಡೋರ್ ಫ್ರಿಜ್‌ಗಳಲ್ಲಿ ಮೇಲಿನ ಫ್ರೀಜರ್‌ನ ಕೆಳಗೇ ಒಂದು ಚಿಲ್ಲರ್ ಟ್ರೇ ಇರುತ್ತದೆ. ನೋಡಲು ಇನ್ಸುಲಿನ್‌ಗೆಂದೇ ಮಾಡಿದಂತಿದೆ. ಆದರೆ ಫ್ರೀಜರ್ ಬಿಟ್ಟರೆ ಒಳಗಿನ ಅತಿ ತಣ್ಣನೆಯ ಜಾಗ ಅದೇ. ಡಬಲ್ ಡೋರ್‌ನಲ್ಲಿ ಹಿಂದಿನ ಗೋಡೆಯ ಗಾಳಿಕಿಂಡಿ ಎದುರು ಇಡಬೇಡಿ. ಬಾಗಿಲ ಹಲಗೆಯಲ್ಲಿ ಹೆಪ್ಪುಗಟ್ಟುವ ಭಯ ಕಡಿಮೆ, ಆದರೆ ತೆಗೆದು ಮುಚ್ಚಿದಾಗೆಲ್ಲ ಉಷ್ಣತೆ ಏರಿಳಿಯುತ್ತದೆ. ನಡುವಿನ ಹಲಗೆಯಲ್ಲಿ, ಮುಂದಕ್ಕೆ, ಪೆಟ್ಟಿಗೆ ಸಮೇತ, ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಇಡಿ. ಬೇಸಿಗೆಯಲ್ಲಿ ಜಾಸ್ತಿಗೆ ತಿರುಗಿಸಿದ ಫ್ರಿಜ್‌ನ ಗುಂಡಿಯನ್ನು ಮಳೆ ಬಿದ್ದ ಮೇಲೆ ಇಳಿಸಲು ಮರೆಯಬೇಡಿ. ಸಣ್ಣ ಥರ್ಮಾಮೀಟರ್ ಒಂದನ್ನು ಡಬ್ಬಿಯೊಳಗೇ ಹಾಕಿಟ್ಟರೆ ಊಹೆ ಮಾಡುವ ಕೆಲಸವೇ ಇರುವುದಿಲ್ಲ.

ಕರೆಂಟ್ ಹೋದಾಗ ಗಾಬರಿಯಾಗಿ ಇನ್ಸುಲಿನ್‌ನ್ನು ಫ್ರೀಜರ್‌ಗೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಬಾಗಿಲು ತೆಗೆಯದಿದ್ದರೆ ಕೆಲವು ಗಂಟೆ ತಂಪು ಇರುತ್ತದೆ. ಬಳಕೆಯಲ್ಲಿರುವ ಪೆನ್ ಅಥವಾ ವೈಯಲ್‌ಗೆ ಫ್ರಿಜ್ ಬೇಕೆಂದೇ ಇಲ್ಲ. ಗ್ಲಾರ್ಜಿನ್ 30 ಡಿಗ್ರಿ ಮೀರದ ಜಾಗದಲ್ಲಿ 28 ದಿನ ಇರುತ್ತದೆ. ಬೇರೆಯವುಗಳ ದಿನಗಳು ಲೇಬಲ್‌ನಲ್ಲಿವೆ. ಜಿನೀವಾ ವಿಶ್ವವಿದ್ಯಾಲಯ ಮತ್ತು ವೈದ್ಯರ ಸಂಘಟನೆ ಎಂಎಸ್‌ಎಫ್ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಕೀನ್ಯಾದ ನಿರಾಶ್ರಿತರ ಶಿಬಿರದಲ್ಲಿ ಕಂಡಂತೆ 25 ರಿಂದ 37 ಡಿಗ್ರಿ ನಡುವೆ ಏರಿಳಿಯುವ ಸೆಕೆಯಲ್ಲಿ ನಾಲ್ಕು ವಾರ ಇಟ್ಟ ಇನ್ಸುಲಿನ್‌ಗಳು ಬಲ ಉಳಿಸಿಕೊಂಡಿದ್ದನ್ನು ತೋರಿಸಿದೆ. ಲೇಬಲ್ ಮೀರಿ ನಡೆಯಿರಿ ಅಂತ ಇದನ್ನು ಹೇಳುತ್ತಿಲ್ಲ. ಸಂಜೆ ಎರಡು ಗಂಟೆ ಕರೆಂಟ್ ಹೋಯಿತೆಂದು ನಿದ್ದೆ ಕೆಡಿಸಿಕೊಳ್ಳಬೇಡಿ ಅಂತ ಅಷ್ಟೇ. ವಿಮಾನದಲ್ಲಿ ಹೋಗುವವರು ಇನ್ಸುಲಿನ್‌ನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಚೆಕ್-ಇನ್ ಲಗೇಜ್ ಇಡುವ ಕೆಳಭಾಗದಲ್ಲಿ ಹೆಪ್ಪುಗಟ್ಟುವಷ್ಟು ಚಳಿ ಇರಬಹುದು.

ಒಂದು ವೇಳೆ ಹೆಪ್ಪುಗಟ್ಟಿದೆ ಅಂತ ಗೊತ್ತಾದರೆ ಅಥವಾ ಅನುಮಾನ ಬಂದರೆ ಅದನ್ನು ಬಳಸಬೇಡಿ. ಆದರೆ ಡೋಸ್ ಬಿಟ್ಟೂ ಕೂರಬೇಡಿ. ಟೈಪ್ 1 ಡಯಾಬಿಟಿಸ್ ಇರುವವರಿಗೆ, ಅದರಲ್ಲೂ ಮಕ್ಕಳಿಗೆ, ಇನ್ಸುಲಿನ್ ತಪ್ಪುವುದು ಕೆಲವೇ ಗಂಟೆಗಳಲ್ಲಿ ಅಪಾಯಕ್ಕೆ ತಿರುಗಬಹುದು. ತಕ್ಷಣ ಫೋನ್ ಮಾಡಿ. ಗಾಡಿ ಎರಡೇ ಸಲ ಹೊರಡುವ ನಿಯಮ ಇಂಥವರಿಗೆ ಅನ್ವಯಿಸುವುದಿಲ್ಲ. ಗೊತ್ತಿಲ್ಲದೆ ಆಗಲೇ ಚುಚ್ಚಿಕೊಂಡಿದ್ದರೆ ಶುಗರ್ ಮತ್ತೆ ಮತ್ತೆ ನೋಡಿಕೊಳ್ಳಿ, ಡಾಕ್ಟರ್‌ಗೆ ತಿಳಿಸಿ. ಸರಿದೂಗಿಸಲು ನೀವೇ ಹೆಚ್ಚಿಗೆ ಯೂನಿಟ್ ಹಾಕಿಕೊಳ್ಳಬೇಡಿ, ಎಷ್ಟು ಬಲ ಉಳಿದಿದೆ ಅಂತ ಗೊತ್ತಿಲ್ಲದೆ ಲೆಕ್ಕ ಹಾಕುವುದಾದರೂ ಹೇಗೆ? ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ತೆಗೆದುಕೊಳ್ಳುವ ಇಂಜೆಕ್ಷನ್ ಆದರೆ ಮುಂದಿನ ಡೋಸ್ ಯಾವಾಗ ಅಂತ ಡಾಕ್ಟರನ್ನೇ ಕೇಳಿ.

ಈಗಾಗಲೇ ತಿಂಗಳ ಆರ್ಡರ್ ಕೊಟ್ಟಿರುವವರು ಹೊಸದಾಗಿ ಏನೂ ಮಾಡಬೇಕಿಲ್ಲ. ಬೆಳಿಗ್ಗೆಯೋ ಸಂಜೆಯೋ ಅಂತ ಒಂದು ಮೆಸೇಜ್ ಹಾಕಿದರೆ ಸಾಕು. ಉತ್ತರ ಬರದಿದ್ದರೆ ಬೆಳಗಿನ ಗಾಡಿಗೇ ಸೇರಿಸುತ್ತೇವೆ. ಭಾನುವಾರ ಸಂಜೆ ಗಾಡಿ ಇರುವುದಿಲ್ಲ. ಹಳೆಯ ಥರ್ಮೋಕೋಲ್ ಡಬ್ಬಿಗಳು ಮನೆಯಲ್ಲಿ ಬಿದ್ದಿದ್ದರೆ ಮುಂದಿನ ಡೆಲಿವರಿಯಲ್ಲಿ ನಮ್ಮ ಹುಡುಗರ ಕೈಗೆ ಕೊಟ್ಟು ಕಳಿಸಿ.

ಇಂತಿ,
ನಿಮ್ಮ ಮೆಡಿಕಲ್ಸ್‌ನವರು
ಬಸವನಗುಡಿ, ಬೆಂಗಳೂರು