ಕೆಂಪು–ಕಪ್ಪು ಕೇಬಲ್ ಇನ್ನು ಮುಂದೆ ಇಲ್ಲ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಈ ತಿಂಗಳಿನಿಂದ ಪ್ಲಾಸ್ಮಾ ಕಟಿಂಗ್ ಯಂತ್ರದ ಟಾರ್ಚನ್ನು ತಗಡಿನಿಂದ ಸರಿಯಾದ ಎತ್ತರದಲ್ಲಿ ಇಡುವ ನಮ್ಮ ಟಾರ್ಚ್ ಎತ್ತರ ನಿಯಂತ್ರಕದ ಜೊತೆ, ಯಂತ್ರದ ವೋಲ್ಟೇಜನ್ನು ಅದಕ್ಕೆ ತರುವ ಕೆಂಪು–ಕಪ್ಪು ಕೇಬಲ್ ಬರುವುದಿಲ್ಲ. ಬದಲಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಡಿವೈಡರ್ (ವೋಲ್ಟೇಜ್ ತಗ್ಗಿಸುವ) ಬೋರ್ಡೊಂದು ಬರುತ್ತದೆ. ಅದನ್ನು ಪ್ಲಾಸ್ಮಾ ಯಂತ್ರದೊಳಗೇ ಕೂರಿಸಬೇಕು. ಹಳೆಯ ಗ್ರಾಹಕರಿಗೂ ಬೋರ್ಡನ್ನು ಉಚಿತವಾಗಿ ಕಳುಹಿಸುತ್ತೇವೆ, ಏಕೆಂದರೆ ತಿದ್ದಬೇಕಾಗಿರುವ ತಪ್ಪು ನಮ್ಮದು.

ನಿಯಂತ್ರಕ ಎತ್ತರವನ್ನು ನೇರವಾಗಿ ಅಳೆಯುವುದಿಲ್ಲ, ಆರ್ಕ್ ವೋಲ್ಟೇಜನ್ನು, ಅಂದರೆ ಟಾರ್ಚಿನ ಎಲೆಕ್ಟ್ರೋಡಿಗೂ ತಗಡಿಗೂ ನಡುವಿನ ವೋಲ್ಟೇಜನ್ನು ಅಳೆಯುತ್ತದೆ ಎಂಬುದು ನಿಮಗೆ ತಿಳಿದದ್ದೇ; ಟಾರ್ಚ್ ಮೇಲೇರಿದಂತೆ ಅದೂ ಏರುತ್ತದೆ. ಕತ್ತರಿಸುವಾಗ ಅದು ಸಾಮಾನ್ಯವಾಗಿ 100ರಿಂದ 150 ವೋಲ್ಟ್. ಆದರೆ ಆರ್ಕ್ ಹತ್ತುವ ಮೊದಲು ಅದೇ ತಂತಿಗಳಲ್ಲಿ 250–300 ವೋಲ್ಟ್ ಇರುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಈ ಪೂರ್ತಿ ವೋಲ್ಟೇಜು ಹಲವು ಮೀಟರ್ ಹಾದುಬಂದು, ನಿಯಂತ್ರಕದ ಪೆಟ್ಟಿಗೆಯಲ್ಲಿ ತಗ್ಗುತ್ತಿತ್ತು. ಒಬ್ಬ ಗ್ರಾಹಕರಲ್ಲಿ ಡ್ರ್ಯಾಗ್ ಚೈನ್ (ಚಲಿಸುವ ಕೇಬಲುಗಳನ್ನು ಹಿಡಿದಿಡುವ ಸರಪಳಿ) ಉಜ್ಜಿ ಉಜ್ಜಿ ಎಲೆಕ್ಟ್ರೋಡಿನ ತಂತಿಯ ಹೊದಿಕೆ ಸವೆದು ಹೋಗಿ, ಮೇಜಿಗೆ ತಾಗಿ ಕಿಡಿ ಹಾರಿತು. ಯಾರಿಗೂ ಪೆಟ್ಟಾಗಲಿಲ್ಲ. ಆ ಕ್ಷಣ ಯಾರಾದರೂ ಅಲ್ಲಿ ಕೈ ಹಾಕಿದ್ದರೆ ಎಂದು ನೆನೆದು ನಾವು ರಾತ್ರಿ ನಿದ್ದೆಗೆಟ್ಟಿದ್ದೇವೆ.

ಹೊಸ ಬೋರ್ಡಿನಲ್ಲಿ ಎರಡೂ ತಂತಿಗಳಿಗೆ ತಲಾ 245 ಕಿಲೋಓಮ್ ರೆಸಿಸ್ಟರ್, ನಡುವೆ 10 ಕಿಲೋಓಮ್. ಅನುಪಾತ 50ಕ್ಕೆ 1: ಆರ್ಕ್ 120 ವೋಲ್ಟ್ ಇದ್ದರೆ ಹೊರಬರುವುದು 2.4 ವೋಲ್ಟ್. ಹೊರಗಿನ ಕೇಬಲ್ ಹರಿದು ಮೇಜಿಗೆ ತಾಗಿದರೂ ಹರಿಯುವುದು ಒಂದೆರಡು ಮಿಲಿಆಂಪಿಯರ್ ಮಾತ್ರ. ಹೈ ಫ್ರೀಕ್ವೆನ್ಸಿಯಿಂದ ಆರ್ಕ್ ಹೊತ್ತಿಸುವ ಯಂತ್ರಗಳಲ್ಲಿ ಇನ್ನೊಂದು ಲಾಭವಿದೆ. ಆಗ ಏಳುವ ವಿದ್ಯುತ್ ಗದ್ದಲ ಉದ್ದ ಕೇಬಲಿನಲ್ಲಿ ಸವಾರಿ ಮಾಡಿಕೊಂಡು ಬಂದು ನಿಯಂತ್ರಕವನ್ನು ಮತ್ತೆ ಮತ್ತೆ ರೀಸೆಟ್ ಮಾಡುತ್ತಿತ್ತು. ಈಗ ರೆಸಿಸ್ಟರುಗಳು ಅದರ ಬಹುಪಾಲನ್ನು ಬಾಗಿಲಲ್ಲೇ ತಡೆಯುತ್ತವೆ.

ಜೋಡಣೆಯಲ್ಲಿ ಹೆಚ್ಚಾಗಿ ಎಡವುವುದು ಒಂದೇ ಕಡೆ. ಋಣ ತಂತಿ ಎಲೆಕ್ಟ್ರೋಡಿಗೆ ಹೋಗುವ ತುದಿಗೆ, ಧನ ತಂತಿ ವರ್ಕ್ ಕ್ಲಾಂಪಿನ (ತಗಡಿಗೆ ಕಚ್ಚಿಸುವ ಹಿಡಿಕೆಯ) ತುದಿಗೆ. ನಾಝಲ್‌ಗೆ ಹೋಗುವ ಪೈಲಟ್ ತಂತಿ (ಮೊದಲ ಆರ್ಕ್ ಹೊತ್ತಿಸುವುದು) ಎಲೆಕ್ಟ್ರೋಡಿನ ತುದಿಯ ಪಕ್ಕದಲ್ಲೇ ಇರುತ್ತದೆ, ನೋಡಲು ಹಾಗೆಯೇ ಇರುತ್ತದೆ. ಋಣ ತಂತಿಯನ್ನು ಅದಕ್ಕೆ ಸೇರಿಸಿದರೆ ಪರದೆಯ ಮೇಲೆ ಏನೋ ಒಂದು ಸಂಖ್ಯೆ ಬರುತ್ತದೆ, ಆದರೆ ಅದಕ್ಕೂ ಟಾರ್ಚಿನ ಎತ್ತರಕ್ಕೂ ಸಂಬಂಧ ಇರುವುದಿಲ್ಲ. ಬೋರ್ಡಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಲೇಬೇಕು. ಯಂತ್ರದ ಫ್ಯಾನ್ ಒಳಗೆಳೆಯುವ ಕಬ್ಬಿಣದ ಧೂಳಿನಲ್ಲೂ ವಿದ್ಯುತ್ ಹರಿಯುತ್ತದೆ. ಬೋರ್ಡಿನಿಂದ ನಿಯಂತ್ರಕಕ್ಕೆ ಹೆಣೆದ ಜೋಡಿ ತಂತಿಯ ಶೀಲ್ಡೆಡ್ ಕೇಬಲ್ ಎಳೆಯಿರಿ, ಶೀಲ್ಡನ್ನು ನಿಯಂತ್ರಕದ ಕಡೆ ಮಾತ್ರ ಅರ್ತ್ ಮಾಡಿ. ಸ್ಟಾರ್ಟ್ (ಆರ್ಕ್ ಹೊತ್ತಿಸಲು ಹೇಳುವ) ಮತ್ತು ಆರ್ಕ್ ಓಕೆ (ಆರ್ಕ್ ಹೊತ್ತಿದೆ ಎಂದು ತಿಳಿಸುವ) ತಂತಿಗಳನ್ನು ಮುಟ್ಟಬೇಡಿ, ಅವು ಇದ್ದ ಹಾಗೇ ಇರಲಿ.

ನಿಮ್ಮ ಯಂತ್ರದ ಹಿಂಭಾಗದಲ್ಲಿ ತಗ್ಗಿಸಿದ ವೋಲ್ಟೇಜ್ ಕೊಡುವ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಣದ) ಪೋರ್ಟ್ ಇದ್ದರೆ ಈ ಬೋರ್ಡೇ ಬೇಡ, ಯಂತ್ರದ ಮುಚ್ಚಳ ಬಿಚ್ಚುವ ಗೋಜೂ ಇಲ್ಲ. ಯಂತ್ರದ ಅನುಪಾತ ಎಷ್ಟೆಂದು ನೋಡಿ, ಅದನ್ನೇ ನಿಯಂತ್ರಕದಲ್ಲಿ ನಮೂದಿಸಿ. ಯಂತ್ರ 50ಕ್ಕೆ 1 ಕೊಡುತ್ತಿರುವಾಗ ನೀವು 20ಕ್ಕೆ 1 ಎಂದು ಬರೆದರೆ 120 ವೋಲ್ಟ್ 48 ಎಂದು ಕಾಣುತ್ತದೆ. ಟಾರ್ಚ್ ತಗಡಿಗೆ ತೀರಾ ಹತ್ತಿರವಿದೆ ಎಂದುಕೊಂಡ ನಿಯಂತ್ರಕ ಅದನ್ನು ಎತ್ತುತ್ತಾ ಹೋಗಿ ಕೊನೆಗೆ ಆರ್ಕನ್ನೇ ಕಡಿಯುತ್ತದೆ. ನಮ್ಮ ಬೋರ್ಡನ್ನು ಬೇರೆ ಕಂಪನಿಯ ನಿಯಂತ್ರಕಕ್ಕೆ ಜೋಡಿಸುವವರಿಗೂ ಒಂದು ಮಾತು: ಅದರ ಇನ್‌ಪುಟ್ ರೆಸಿಸ್ಟೆನ್ಸ್ 100 ಕಿಲೋಓಮ್‌ನಷ್ಟಿದ್ದರೆ 120 ವೋಲ್ಟ್ ಸುಮಾರು 109 ಎಂದು ತೋರುತ್ತದೆ. ಬೋರ್ಡ್ ಕೆಟ್ಟಿದೆ ಎಂದುಕೊಳ್ಳಬೇಡಿ.

ನಿಯಂತ್ರಕ ಕಾಯ್ದುಕೊಳ್ಳಬೇಕೆಂದು ನೀವು ಕೊಟ್ಟಿದ್ದ ಹಳೆಯ ಸೆಟ್ ವೋಲ್ಟೇಜ್‌ಗಳನ್ನು ಹಾಗೆಯೇ ಮುಂದುವರಿಸಬೇಡಿ. ಹೊಸ ಎಲೆಕ್ಟ್ರೋಡ್ ಮತ್ತು ನಾಝಲ್ ಹಾಕಿ, ಎತ್ತರ ನಿಯಂತ್ರಣ ನಿಲ್ಲಿಸಿ, ಯಂತ್ರದ ಕೈಪಿಡಿ ಹೇಳುವ ಎತ್ತರ ಮತ್ತು ವೇಗದಲ್ಲಿ ಚಪ್ಪಟೆ ತಗಡಿನ ಮೇಲೆ ನೇರ ಗೆರೆಯೊಂದನ್ನು ಕತ್ತರಿಸಿ. ಆಗ ಪರದೆ ತೋರುವ ಸಂಖ್ಯೆಯೇ ನಿಮ್ಮ ಹೊಸ ಸೆಟ್ ವೋಲ್ಟೇಜ್.

ಯಂತ್ರದ ಮುಚ್ಚಳ ಬಿಚ್ಚುವ ಮೊದಲು ಮುಖ್ಯ ವಿದ್ಯುತ್ ಸಂಪರ್ಕವನ್ನು ಪೂರ್ತಿ ತೆಗೆಯಿರಿ. ಸ್ವಿಚ್ ಆರಿಸಿದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಕೈಪಿಡಿ ಹೇಳುವಷ್ಟು ಹೊತ್ತು, ಕನಿಷ್ಠ ಐದು ನಿಮಿಷ ಕಾದು, ಮೀಟರಿನಿಂದ ಪರೀಕ್ಷಿಸಿ. ಇದು ಎಲೆಕ್ಟ್ರೀಷಿಯನ್ ಕೆಲಸ. ಅಭ್ಯಾಸವಿಲ್ಲದವರು ಕೈ ಹಾಕಬೇಡಿ. ಯಂತ್ರ ಇನ್ನೂ ವಾರಂಟಿಯಲ್ಲಿದ್ದರೆ ಮಾರಿದವರನ್ನು ಮೊದಲೇ ಕೇಳಿಕೊಳ್ಳಿ, ಮುಚ್ಚಳ ಬಿಚ್ಚಿದರೆ ವಾರಂಟಿ ಹೋಗಬಹುದು.

ಯಂತ್ರದ ನಾಮಫಲಕ ಮತ್ತು ಹಿಂಬದಿಯ ಫೋಟೋ ಕಳುಹಿಸಿದರೆ ಬೋರ್ಡ್ ಬೇಕೋ ಬೇಡವೋ ನಾವೇ ನೋಡಿ ಹೇಳುತ್ತೇವೆ. ಹಳೆಯ ಕೇಬಲನ್ನು ನಮಗೆ ವಾಪಸ್ ಕಳುಹಿಸಿ, ಸಾಗಣೆ ವೆಚ್ಚ ನಮ್ಮದು. ಬೋರ್ಡ್ ಕೈಸೇರುವವರೆಗೆ ಡ್ರ್ಯಾಗ್ ಚೈನ್ ಬಾಗುವ ಜಾಗದಲ್ಲಿ ಕೇಬಲಿನ ಹೊದಿಕೆಯನ್ನು, ಯಂತ್ರ ಆರಿಸಿ, ದಿನಕ್ಕೊಮ್ಮೆ ನೋಡಿ. ಸ್ವಲ್ಪ ಸವೆದಂತೆ ಕಂಡರೂ ಅದನ್ನು ಎರಡೂ ತುದಿಯಲ್ಲಿ ಬಿಚ್ಚಿ, ಎತ್ತರವನ್ನು ಕೈಯಿಂದಲೇ ಹೊಂದಿಸಿಕೊಂಡು ಕೆಲಸ ಮುಂದುವರಿಸಿ.

ಇಂತಿ ನಿಮ್ಮ ವಿಶ್ವಾಸಿಗಳು,
ತಾಂತ್ರಿಕ ವಿಭಾಗ