ಮನೆ ನಕ್ಷೆಯಲ್ಲಿ ಕಪಾಟನ್ನೂ ತೋರಿಸಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಬರುವ ಮನೆ ನಕ್ಷೆಗಳನ್ನು ನಾನು ತಪ್ಪದೆ ನೋಡುತ್ತೇನೆ. ಮಂಚ ಎಲ್ಲಿ, ಸೋಫಾ ಎಲ್ಲಿ, ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ಎಲ್ಲ ಇರುತ್ತದೆ. ಕಪಾಟು ಮಾತ್ರ ಇರುವುದಿಲ್ಲ. ಇದ್ದರೂ ಗೋಡೆ ಪಕ್ಕ ಒಂದು ಗೆರೆ, ಅಷ್ಟೇ. ಮನೆ ಕಟ್ಟಿಸುವವರು ಆ ನಕ್ಷೆಯನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ನಾನೂ ಹಾಗೇ ಇಟ್ಟುಕೊಂಡಿದ್ದೆ. ಅದಕ್ಕೇ ಈ ಪತ್ರ.

ಏಳು ವರ್ಷದ ಹಿಂದೆ ನಾವು ಮನೆ ಕಟ್ಟಿಸಿದಾಗ ಕಪಾಟಿನ ಮಾತು ಬಂದದ್ದು ಗೋಡೆಗೆ ಬಣ್ಣ ಹೊಡೆಯುವ ಹೊತ್ತಿಗೆ. ಬಡಗಿ ಅಳತೆ ಕೇಳಿದರು. "ಎಲ್ಲ ಕಡೆ ಎರಡಡಿ ಆಳ ಮಾಡಿಬಿಡಿ, ಜಾಸ್ತಿ ಹಿಡಿಯುತ್ತದೆ" ಎಂದೆ. ಅಲ್ಲೇ ತಪ್ಪಿದ್ದು. ಎರಡಡಿ ಆಳ ಬೇಕಾಗುವುದು ಬಟ್ಟೆ ನೇತುಹಾಕುವ ಕಪಾಟಿಗೆ. ಹ್ಯಾಂಗರೇ 17-18 ಇಂಚು ಅಗಲ ಇರುತ್ತದೆ, ಅಂಗಿಯ ತೋಳು ಬಾಗಿಲಿಗೆ ಸಿಕ್ಕಿಕೊಳ್ಳಬಾರದು ಅಲ್ವಾ? ಆದರೆ ಪುಸ್ತಕಕ್ಕೆ 10ರಿಂದ 12 ಇಂಚು ಸಾಕು. ಅಡುಗೆಮನೆಯ ಸಣ್ಣ ಡಬ್ಬಿಗಳಿಗೂ ಅಷ್ಟೇ. 24 ಇಂಚಿನ ಹಲಗೆಯ ಮೇಲೆ ಮೂರು ಸಾಲು ಜೋಡಿಸಿದರೆ ಹಿಂದಿನ ಸಾಲು ಕಣ್ಣಿಗೇ ಬೀಳುವುದಿಲ್ಲ. ಕಾಣದ ವಸ್ತುವನ್ನು ಇಲ್ಲ ಅಂದುಕೊಂಡು ಮತ್ತೆ ತರುತ್ತೇವೆ. ನಮ್ಮ ಮನೆಯಲ್ಲಿ ಹೀಗೆ ನಾಲ್ಕು ಕತ್ತರಿ, ಮೂರು ಟೇಪು ಸೇರಿಕೊಂಡಿದ್ದವು.

ಲಾಫ್ಟಿನ ವಿಷಯ ಇನ್ನೂ ನೋವಿನದು. ನಮ್ಮ ಅತ್ತೆಗೆ ಆಗ 71 ವರ್ಷ. ಹೊದಿಕೆ ತೆಗೆಯಲು ಸ್ಟೂಲ್ ಹತ್ತಿದವರು ಜಾರಿ ಬಿದ್ದರು. ಮಣಿಕಟ್ಟು ಮುರಿಯಿತು, ಆರು ವಾರ ಪ್ಲಾಸ್ಟರ್. ಪದೇಪದೇ ಬೇಕಾಗುವ ವಸ್ತು ಮೊಣಕಾಲಿನಿಂದ ಹೆಗಲಿನ ಎತ್ತರದೊಳಗೆ ಇರಬೇಕು, ಭಾರದ್ದು ಕೆಳಗೆ ಇರಬೇಕು. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಎಂದು ಆಗ ಎಷ್ಟು ಸಲ ಅನಿಸಿತೋ.

ಆಮೇಲೆ ಎರಡು ಭಾನುವಾರ ಕೂತು ಮನೆಯ ಸಾಮಾನನ್ನೆಲ್ಲ ಹೊರಗೆ ಹಾಕಿ ಅಳೆದೆ. ನೇತುಹಾಕುವ ಬಟ್ಟೆಗೆ ಒಟ್ಟು ಐದು ಅಡಿ ರಾಡು ಸಾಕಾಯಿತು. ಅದರಲ್ಲಿ ಉದ್ದನೆಯ ಬಟ್ಟೆ ಒಂದೂವರೆ ಅಡಿಯಷ್ಟೇ, ಉಳಿದದ್ದೆಲ್ಲ ಅಂಗಿ. ಅಂಗಿಗೆ 40 ಇಂಚು ಎತ್ತರ ಸಾಕು. ಹಾಗಾಗಿ ಒಂದರ ಕೆಳಗೊಂದು ಎರಡು ರಾಡು ಹಾಕಿಸಿದೆ. ಅಡುಗೆಮನೆಯ ಕೆಳಗಿನ ಕಪಾಟುಗಳನ್ನು ಡ್ರಾಯರ್ ಮಾಡಿಸಿದೆ. ಎಳೆದರೆ ಹಿಂದಿನದೂ ಮುಂದೆ ಬರುತ್ತದೆ, ಬಗ್ಗಿ ಕೈ ಹಾಕಿ ತಡಕಾಡಬೇಕಿಲ್ಲ. ಪುಸ್ತಕದ ಹಲಗೆ ಮೂರಡಿಗಿಂತ ಉದ್ದವಿದ್ದು ನಡುವೆ ಬಾಗಿತ್ತು, ಅದಕ್ಕೊಂದು ಆಸರೆ ಕೊಡಿಸಿದೆ. ಬಚ್ಚಲ ಗೋಡೆಗೆ ಅಂಟಿಸಿದ್ದ ಕಪಾಟಿನಲ್ಲಿ ಬೂಷ್ಟು ಬರುತ್ತಿತ್ತು. ಅದನ್ನು ಬೇರೆ ಗೋಡೆಗೆ ಸರಿಸಿದೆವು.

ಇಷ್ಟೆಲ್ಲದರಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದು ಚಿಕ್ಕ ಕೆಲಸ. ಮುಂಬಾಗಿಲ ಪಕ್ಕ ನಾಲ್ಕು ಗೂಟ, ಒಂದು ಕಿರಿದಾದ ಹಲಗೆ. ಬ್ಯಾಗು, ಕೊಡೆ, ಬೀಗದ ಕೈ ಎಲ್ಲ ಅಲ್ಲಿ. ಮೊದಲು ಅವೆಲ್ಲ ಊಟದ ಮೇಜಿನ ಮೇಲೆ ಬೀಳುತ್ತಿದ್ದವು, ನಾನು ಮಕ್ಕಳನ್ನು ಬಯ್ಯುತ್ತಿದ್ದೆ. ಪಾಪ, ಆ ಬ್ಯಾಗಿಗೆ ನಾವು ಜಾಗವನ್ನೇ ಕೊಟ್ಟಿರಲಿಲ್ಲ! ಗೂಟ ಹೊಡೆಸಿದ ಮೇಲೆ ನಾನು ಹೇಳುವ ಮುಂಚೆಯೇ ಚಿಕ್ಕವಳು ತನ್ನ ಬ್ಯಾಗನ್ನು ಅಲ್ಲಿ ನೇತುಹಾಕಿದಳು. ಅವಳ ಕೈಗೆ ಎಟುಕುವ ಎತ್ತರದಲ್ಲಿತ್ತು, ಅಷ್ಟೇ ಕಾರಣ.

ಅದಕ್ಕೇ ನನ್ನ ಕೋರಿಕೆ. ಇನ್ನು ಮುಂದೆ ನಕ್ಷೆ ಹಾಕುವಾಗ ಪ್ರತಿ ಕೋಣೆಯ ಕಪಾಟಿನ ಆಳ, ಅಗಲ ಬರೆಯಿರಿ. ಬಾಗಿಲು ತೆರೆದು ಅದರ ಮುಂದೆ ನಿಲ್ಲಲು ಎರಡೂವರೆ ಅಡಿಯಾದರೂ ಜಾಗ ಇದೆಯೇ ಎಂದು ತೋರಿಸಿ. ಪೊರಕೆ, ಏಣಿ, ಖಾಲಿ ಸೂಟ್‌ಕೇಸ್ ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ಗುರುತು ಮಾಡಿ. ಬಡಗಿಗಳನ್ನು ಮಾತಾಡಿಸಿ ಬರೆಸಿದರೆ ಇನ್ನೂ ಒಳ್ಳೆಯದು, ಅವರಿಗೆ ಎಷ್ಟೋ ಮನೆಗಳ ಒಳಗು ಗೊತ್ತಿರುತ್ತದೆ.

ಆ ಎರಡು ಭಾನುವಾರ ನಾನು ಬರೆದಿಟ್ಟ ಅಳತೆಗಳು ಒಂದು ನೋಟ್ ಪುಸ್ತಕದಲ್ಲಿವೆ. ಬೇಕಿದ್ದರೆ ನಕಲು ಮಾಡಿ ಕಳುಹಿಸುತ್ತೇನೆ.

ಇಂತಿ,
ನಿಮ್ಮ ಹಳೆಯ ಓದುಗಿ