ವಿಂಡೋಸ್ 11ಕ್ಕೆ ಹೋಗುವ ಮುನ್ನ

ವಿಂಡೋಸ್ 10 ಇಟ್ಟುಕೊಂಡಿರುವವರು ಗಮನಿಸಿ. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಂಪ್ಯೂಟರ್ ನಿಂತುಹೋಗುವುದಿಲ್ಲ, ಆದರೆ ಸುರಕ್ಷತೆಯ ಅಪ್‌ಡೇಟ್ ಮೊದಲಿನಂತೆ ತಾನಾಗಿ ಬರುವುದಿಲ್ಲ. ಬ್ಯಾಂಕ್ ಕೆಲಸ ಅದರಲ್ಲೇ ಮಾಡುವವರು ಜಾಸ್ತಿ ತಡ ಮಾಡಬೇಡಿ.

11ಕ್ಕೆ ಟಿಪಿಎಂ 2.0 (ಕಂಪ್ಯೂಟರ್‌ನೊಳಗಿನ ಸುರಕ್ಷತೆಯ ಭಾಗ) ಬೇಕು. 'ಇಲ್ಲ' ಅಂತ ತೋರಿಸಿದರೆ ಗಾಬರಿ ಬೇಡ, ಎಷ್ಟೋ ಸಲ ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ಸ್) ಆಫ್ ಆಗಿರುತ್ತದೆ ಅಷ್ಟೆ. ರ‍್ಯಾಮ್ 4 ಜಿಬಿ ಇದ್ದರೆ ಸಾಕು ಅನ್ನುತ್ತಾರೆ. ನನ್ನ ಕೇಳಿದರೆ 8 ಇಲ್ಲದೆ ಸುಮ್ನೆ ಒದ್ದಾಟ.

ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಂಡೇ ಶುರು ಮಾಡಿ. ಇಷ್ಟವಾಗದಿದ್ದರೆ 10 ದಿನದೊಳಗೆ ಹಳೆಯದಕ್ಕೆ ಮರಳಬಹುದು. ನಾನಂತೂ ಎರಡನೇ ದಿನವೇ ಜಾಗ ಖಾಲಿ ಮಾಡಲು ಹೋಗಿ ಹಳೆಯ ವಿಂಡೋಸ್ ಉಳಿದಿರುವ 'ವಿಂಡೋಸ್.ಓಲ್ಡ್' ಫೋಲ್ಡರ್ ಅಳಿಸಿ, ಆ ದಾರಿಯನ್ನೂ ಮುಚ್ಚಿಕೊಂಡೆ!